ನನ್ನ ಮೈದುನ, ಸೀಟಿನ ಡಾಕ್ಟರು

ನನ್ನ ಮೈದುನ ಇಲ್ಲಿಯವರೆಗೆ ಯಾರ ನೆಗಡಿಯನ್ನೂ ವಾಸಿ ಮಾಡಿದವನಲ್ಲ. ಆದರೂ ತನ್ನ ಅಂಗಡಿಯ ನೆತ್ತಿಯ ಮೇಲೆ 'ಲೆದರ್ ಸೀಟ್ ಡಾಕ್ಟರ್' ಎಂದು ಕೆಂಪು ಅಕ್ಷರದಲ್ಲಿ ಬರೆಸಿಕೊಂಡಿದ್ದಾನೆ. ಬರೆಸಿದವನಿಗೆ ನಾಚಿಕೆ ಇಲ್ಲ ಸರಿ, ಬರೆದ ಪೇಂಟರನಿಗಾದರೂ ಇರಬಾರದಿತ್ತೆ? ಬೋರ್ಡಿನ ಮೂಲೆಯಲ್ಲಿ ಒಂದು ಸ್ಟೆತಾಸ್ಕೋಪಿನ ಚಿತ್ರ ಬೇರೆ ಇದೆ. ಕಾರಿನ ಸೀಟಿಗೆ ಅದನ್ನು ಎಲ್ಲಿ ಇಟ್ಟು ಏನು ಕೇಳಿಸಿಕೊಳ್ಳುತ್ತಾನೋ ನನಗಂತೂ ಗೊತ್ತಿಲ್ಲ.

ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದು ಗೋಡೆ. ನಾನು ಹರಿದ ಸೀಟು ಹೊಲಿಯುತ್ತೇನೆ, ಅವನು ಕೊಳೆಯಾದ ಸೀಟು ತೊಳೆಯುತ್ತಾನೆ. 'ತೊಳೆಯುತ್ತಾನೆ' ಎಂದರೆ ಅವನಿಗೆ ಮೂಗಿನ ತುದಿಗೇ ಕೋಪ. "ಟ್ರೀಟ್‌ಮೆಂಟ್ ಅನ್ನಿ ಅತ್ತಿಗೆ, ಕೇಳೋರು ಏನಂದ್ಕೊಳ್ತಾರೆ" ಎನ್ನುತ್ತಾನೆ. ಡಾಕ್ಟರು ಎಂದ ಮೇಲೆ ವೇಷವೂ ಬೇಕಲ್ಲ, ಅದಕ್ಕೆ ದಿನಾ ಬಿಳಿ ಶರಟು, ಬಿಳಿ ಪ್ಯಾಂಟು. ಕೊಳೆ ತೆಗೆಯುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ ಸಂಜೆ ಮನೆಗೆ ಹೋಗುವಾಗಲೂ ಇಸ್ತ್ರಿ ಕೆಡದ ಬಿಳಿ ಪ್ಯಾಂಟಿನಲ್ಲಿ ಇದ್ದಾನೆ ಎಂದರೆ ಎಷ್ಟು ಮೈ ಬಗ್ಗಿಸಿದ್ದಾನೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಚರ್ಮದ ಸೀಟು ನೋಡಿಕೊಳ್ಳುವುದರಲ್ಲಿ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ. ಮೊದಲು ಸಂದಿಗೊಂದಿಯ ಮರಳು, ಬಿಸ್ಕತ್ತಿನ ಪುಡಿ ಎಲ್ಲ ತೆಗೆಯಬೇಕು, ಇಲ್ಲದಿದ್ದರೆ ಉಜ್ಜಿದಾಗ ಅದೇ ಗೀಚುತ್ತದೆ. ಆಮೇಲೆ ಮೆದು ಬ್ರಷ್ಷಿನಲ್ಲಿ ತೆಳು ಸೋಪಿನ ನೊರೆ. ನೀರು ಸುರಿಯುವಂತಿಲ್ಲ, ನೊರೆ ಮಾತ್ರ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಬಾಗಿಲು ತೆರೆದಿಟ್ಟು ಒಣಗಿಸಬೇಕು. ಎಂದಾದರೊಮ್ಮೆ ಕೈಗೆ ಅಂಟಿಯೂ ಅಂಟದ ಹಾಗೆ ಒಂದಿಷ್ಟು ಕ್ರೀಮು. ಕೆಲಸ ಮುಗಿದ ಸೀಟು ಹೊಳೆಯಬಾರದು, ಸುಮ್ಮನೆ ಸ್ವಚ್ಛವಾಗಿರಬೇಕು. ಇದಕ್ಕೆ ಡಾಕ್ಟರು ಬೇಡ, ಮೊಣಕಾಲೂರಿ ಕೂರಬಲ್ಲ ಯಾರಾದರೂ ಸಾಕು.

ಆದರೆ ನಮ್ಮ ಡಾಕ್ಟರಿಗೆ ಸೀಟು ಹೊಳೆಯಬೇಕು. ಹೊಳೆದರೆ ಗಿರಾಕಿ ಬಾಯಿ ಬಿಡುತ್ತಾನೆ ಎಂದು ಅವನಿಗೆ ಗೊತ್ತು, ಅವನಿಗೆ ಗೊತ್ತಿರುವುದು ಅದೊಂದೇ. ಕಾರು ಬಂತು ಎಂದರೆ ಮೊದಲು ಪರೀಕ್ಷೆ. ಬಾಗಿಲು ತೆಗೆದು, ಕಣ್ಣು ಮುಚ್ಚಿ, ಕೆನ್ನೆಯನ್ನು ಸೀಟಿಗೆ ಒತ್ತುತ್ತಾನೆ. ಗಿರಾಕಿ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಮನೆಯಲ್ಲಿ ಯಾರೋ ಹೋಗಿಬಿಟ್ಟರು ಎನ್ನುವ ಮುಖ ಮಾಡಿ, "ತುಂಬಾ ಬಾಯಾರಿದೆ ಸಾರ್" ಎನ್ನುತ್ತಾನೆ. ಅವನ ಕೈಗೆ ಸಿಕ್ಕ ಸೀಟುಗಳೆಲ್ಲ ಬಾಯಾರಿದವೇ. ಒಮ್ಮೆ ಒಬ್ಬ ದಲ್ಲಾಳಿ ಅಪ್ಪಟ ರೆಕ್ಸಿನ್ ಸೀಟಿನ ಕಾರು ತಂದ. ಅದಕ್ಕೂ ಕೆನ್ನೆ ಕೊಟ್ಟು, "ಒಳ್ಳೆ ಎಳೇ ಕರುವಿನ ಚರ್ಮ ಸಾರ್, ಅಪರೂಪದ್ದು, ಹಾಳು ಮಾಡ್ಕೊಂಡಿದ್ದೀರ" ಎಂದು ಬೈದು ಕಳಿಸಿದ. ಮುಂದಿನ ವಾರ ಅದೇ ಸೀಟು ಹೊಲಿಗೆ ಬಿಟ್ಟು ನನ್ನ ಹತ್ತಿರ ಬಂತು. ತಿರುವಿ ನೋಡಿದರೆ ಒಳಗಡೆ ಬಟ್ಟೆ. ಆ ಕರು ಯಾವ ಮಿಲ್ಲಿನಲ್ಲಿ ಹುಟ್ಟಿತ್ತೋ.

ಇಷ್ಟೆಲ್ಲ ಜಂಬ ಎಲ್ಲಿಂದ ಬಂತು ಎಂದು ಕೇಳಬೇಡಿ, ನನ್ನ ಮಾವನಿಂದ ಬಂದಿಲ್ಲ. ಮಾವ ಬೂಟು ರಿಪೇರಿ ಮಾಡುತ್ತಿದ್ದವರು. ಬಸ್ ನಿಲ್ದಾಣದ ಎದುರು ಒಂದು ಸಣ್ಣ ಗೂಡಂಗಡಿ ಇಟ್ಟುಕೊಂಡು ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಮಾವ ಜನರ ಕಾಲಿಗೆ ಬೇಕಾದ್ದನ್ನು ಮಾಡಿದರು, ಇವನು ಕುಂಡಿಗೆ ಬೇಕಾದ್ದನ್ನು ಮಾಡುತ್ತಾನೆ. ಒಂದು ತಲೆಮಾರಿನಲ್ಲಿ ಅಷ್ಟು ಮೇಲೆ ಬಂದದ್ದಕ್ಕೇ ಇಷ್ಟು ಮೆರೆದಾಟ. ಗಿರಾಕಿಗಳ ಮುಂದೆ, "ಚರ್ಮದ ವ್ಯವಹಾರ ನಮ್ಮ ಮನೆತನದಲ್ಲೇ ಇದೆ ಸಾರ್, ನಮ್ಮ ತಂದೆ ದೊಡ್ಡ ಡೀಲರು" ಎಂದು ರೈಲು ಬಿಡುತ್ತಾನೆ. ಆ ದೊಡ್ಡ ಡೀಲರು ಆಗ ಗೋಡೆಯ ಈಚೆ ನನ್ನ ಮಿಷನ್ನಿನ ಪಕ್ಕ ಕೂತು, ಕೈ ನಡುಗುತ್ತ ಚಹಾ ಕುಡಿಯುತ್ತಿರುತ್ತಾರೆ. ಮಗನ ಅಂಗಡಿಯಲ್ಲಿ ಅವರಿಗೆ ಜಾಗವಿಲ್ಲ. ಯಾವನಾದರೂ ಹಳೇ ಗಿರಾಕಿ ಗುರುತು ಹಿಡಿದು "ಏನಪ್ಪಾ, ನನ್ನ ಬೂಟಿನ ಅಟ್ಟೆ ಹಾಕಿದ್ದು ನೀನೇ ಅಲ್ವಾ" ಎಂದರೆ ಡಾಕ್ಟರ ಮಾನ ಏನಾಗಬೇಕು?

ಮಾವನನ್ನು ದೇವರು ಎಂದು ನಾನು ಹೇಳುವುದಿಲ್ಲ. ಚಹಾ ತಣ್ಣಗಾಯಿತು ಎಂದು ದಿನಾ ತಗಾದೆ, ನನ್ನ ಹೊಲಿಗೆ ಸೊಟ್ಟ ಎಂದು ದಿನಾ ಕೊಂಕು. ಆದರೆ ಗೂಡಂಗಡಿ ಮುಚ್ಚಿದ ದಿನ ಅವರು ತಮ್ಮ ಹಳೇ ತಗಡಿನ ಪೆಟ್ಟಿಗೆಯೊಂದನ್ನು ಮಾತ್ರ ಹೊತ್ತು ತಂದರು. ಅದರಲ್ಲಿ ಬ್ರಷ್ಷುಗಳು, ಬೂಟಿಗೆ ಹಚ್ಚುವ ಬಣ್ಣಬಣ್ಣದ ಕ್ರೀಮಿನ ಡಬ್ಬಿಗಳು. ಡಾಕ್ಟರು ಅದನ್ನು ಕಂಡು ಮುಖ ಸಿಂಡರಿಸಿ, "ಅಪ್ಪಾ, ಈ ದರಿದ್ರ ಪೆಟ್ಟಿಗೆ ಬಿಸಾಕಿ, ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು" ಎಂದಿದ್ದ. ಮಾವ ಬಿಸಾಡಲಿಲ್ಲ. ಅದು ನನ್ನ ಮಿಷನ್ನಿನ ಕೆಳಗೆ ಉಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ಡಾಕ್ಟರು ನನ್ನ ಅಂಗಡಿಗೆ ದಯಮಾಡಿಸುತ್ತಾನೆ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಅಂದು ಯಾವ ದೊಡ್ಡ ಮನುಷ್ಯ ತನ್ನ ಬೆನ್ನು ತಟ್ಟಿದ ಎಂದು ಹೇಳುತ್ತಾನೆ. ನಾನು ಮಿಷನ್ನಿನ ಸದ್ದು ಜೋರು ಮಾಡುತ್ತೇನೆ. ಅವನು ದನಿ ಜೋರು ಮಾಡುತ್ತಾನೆ. ಇದು ನಮ್ಮ ದಿನಚರಿ.

ಇನ್ನು ಅವನ ಅಣ್ಣ, ನನ್ನ ಗಂಡ. ನಮ್ಮವರು ಡ್ರೈವರು. ಮದುವೆಯಾದಾಗಿನಿಂದ ಕಂಡಿದ್ದೇನೆ, ಕೈಯಲ್ಲಿ ಯಾವತ್ತೂ ಬೇರೆಯವರ ಕಾರಿನ ಕೀಲಿ. ಬೇರೆಯವರ ಕಾರು ಕೆಮ್ಮಿದರೆ ಇವರಿಗೆ ಬೈಗುಳ, ಬೇರೆಯವರ ಕಾರಿಗೆ ಗೀರು ಬಿದ್ದರೆ ಇವರಿಗೆ ನಿದ್ದೆ ಇಲ್ಲ. ಸ್ವಂತದ್ದೊಂದು ಕಾರು ಬೇಕು ಎನ್ನುವುದು ಅವರ ಒಂದೇ ಆಸೆ. ಕೊನೆಗೂ ಹಳೇ ಕಾರೊಂದನ್ನು ತೆಗೆದುಕೊಂಡರು. ಹಳೇದಾದರೂ ಲಕ್ಷಣವಾದದ್ದು, ಒಳಗೆ ಕೆನೆಬಣ್ಣದ ನಿಜವಾದ ಚರ್ಮದ ಸೀಟು. ಅಷ್ಟರಲ್ಲೇ ದೊಡ್ಡ ರಸ್ತೆಯ ಹೋಟೆಲಿನವರು ತಮ್ಮ ಅತಿಥಿಗಳಿಗೆಂದು ಖಾಯಂ ಬಾಡಿಗೆಗೆ ಒಂದು ಕಾರು ಹುಡುಕುತ್ತಿದ್ದಾರೆ ಎಂದು ಸುದ್ದಿ ಬಂತು. ಅದು ಸಿಕ್ಕರೆ ನಮ್ಮವರು ಬೇರೆಯವರ ಸ್ಟೇರಿಂಗು ಬಿಟ್ಟ ಹಾಗೆ. ಸಿಗದಿದ್ದರೆ ಈ ಕಾರು ನಿಲ್ದಾಣದಲ್ಲಿ ಬಾಡಿಗೆಗೆ ಕಾದು ನಿಲ್ಲಬೇಕು, ಇವರು ಮತ್ತೆ ಯಾರದೋ ಕಾರಿನ ಕೀಲಿ ಹಿಡಿಯಬೇಕು. ಹೋಟೆಲಿನಲ್ಲಿ ವಾಹನಗಳನ್ನು ನೋಡಿಕೊಳ್ಳುವ ಮೇಡಂ, ಗುರುವಾರ ಬೆಳಗ್ಗೆ ಕಾರು ತನ್ನಿ, ಕೂತು ಒಂದು ಸುತ್ತು ಹೋಗಿ ನೋಡುತ್ತೇನೆ ಎಂದರು.

ಸೀಟು ಚೆನ್ನಾಗಿಯೇ ಇತ್ತು. ಹಿಂದಿನ ಸೀಟಿನಲ್ಲಿ, ಎಡಗಡೆ, ಯಾವುದೋ ಮಗು ಪೆನ್ನಿನಲ್ಲಿ ಎಳೆದ ಒಂದು ನೀಲಿ ಗೆರೆ ಬಿಟ್ಟರೆ ಬೇರೆ ಕೊರತೆ ಇರಲಿಲ್ಲ. ನಾನೇ ಸೋಪಿನ ನೊರೆಯಲ್ಲಿ ಒರೆಸಿಕೊಡುತ್ತೇನೆ ಎಂದೆ. ಡಾಕ್ಟರು ಬಿಡಬೇಕಲ್ಲ.

"ಅಣ್ಣನ ಕಾರಿಗೆ ನಾನಿರುವಾಗ ನೀವ್ಯಾಕೆ ಅತ್ತಿಗೆ? ಇದು ನನ್ನ ಗಿಫ್ಟು. ಮೇಡಂ ಕಣ್ಣು ಕೋರೈಸ್ಬೇಕು, ಹಾಗೆ ಮಾಡ್ತೀನಿ."

"ಕಣ್ಣು ಕೋರೈಸೋದು ಬೇಡಪ್ಪಾ, ಕೂರೋಕೆ ಆದ್ರೆ ಸಾಕು. ಆ ಗೆರೆ ಮುಟ್ಬೇಡ. ಇದ್ರೆ ಇರ್ಲಿ."

"ಗೆರೆನಾ? ಐದು ನಿಮಿಷದ ಕೆಲಸ!"

ನಮ್ಮವರು ನನ್ನನ್ನು ಪಕ್ಕಕ್ಕೆ ಕರೆದು, "ಹೋಗ್ಲಿ ಬಿಡೇ, ಆಸೆಯಿಂದ ಕೇಳ್ತಿದ್ದಾನೆ, ನನ್ನ ತಮ್ಮ ಅಲ್ವಾ" ಎಂದರು. ನಮ್ಮವರ ಈ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ. ತಮ್ಮ ಎನ್ನುವ ಒಂದು ಪದ ಕಿವಿಗೆ ಬಿದ್ದರೆ ಸಾಕು, ಅವರ ಬುದ್ಧಿ ಕೈ ಕಟ್ಟಿ ನಿಲ್ಲುತ್ತದೆ.

ಬುಧವಾರ ಇಡೀ ದಿನ ಡಾಕ್ಟರ ಅಂಗಡಿಯ ಷಟರು ಅರ್ಧ ಇಳಿದಿತ್ತು. ನಾನು ಬಗ್ಗಿ ನೋಡಲು ಹೋದರೆ ಒಳಗಿನಿಂದಲೇ "ಆಪರೇಷನ್ ನಡೀತಿದೆ, ಯಾರೂ ಬರ್ಬೇಡಿ" ಎಂದು ಕೂಗಿದ. ಸಂದಿಯಿಂದ ಥಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಪೇಂಟು ಕರಗಿಸುವ ಥಿನ್ನರು. ಚರ್ಮದ ಸೀಟಿನ ಮೇಲೆ ಬಣ್ಣದ ತೆಳು ಪದರ ಇರುತ್ತದೆ, ಥಿನ್ನರು ಪೆನ್ನಿನ ಗೆರೆಯ ಜೊತೆ ಅದನ್ನೂ ಎಬ್ಬಿಸಿಬಿಡುತ್ತದೆ. "ಏ, ಅದನ್ನ ಸೀಟಿಗೆ ಹಾಕ್ಬೇಡ್ವೋ!" ಎಂದು ಅರಚಿದೆ. "ಇದು ಬೇರೆ ಕೆಲಸಕ್ಕೆ ಅತ್ತಿಗೆ" ಎಂದ. ಅವನ ಬಾಯಲ್ಲಿ ನಿಜ ಬರುವುದು ಆಕಳಿಸುವಾಗ ಮಾತ್ರ.

ಆಮೇಲೆ ನಾನು ದಾರದ ಉಂಡೆ ತರಲು ಪೇಟೆಗೆ ಹೋಗಿದ್ದೆ. ಬಂದಾಗ ಮಾವ ಮಿಷನ್ನಿನ ಕೆಳಗೆ ತಡಕಾಡುತ್ತಿದ್ದರು.

"ನನ್ನ ಪೆಟ್ಟಿಗೆ ಎಲ್ಲಿಟ್ಟೆಯಮ್ಮಾ?"

"ನಾನ್ಯಾಕೆ ಮುಟ್ಲಿ ಮಾವ, ಅಲ್ಲೇ ಇರುತ್ತೆ ನೋಡಿ."

ಇರಲಿಲ್ಲ. ವಯಸ್ಸಾದವರು, ಮನೆಯಲ್ಲೇ ಇಟ್ಟು ಮರೆತಿದ್ದಾರೆ ಎಂದುಕೊಂಡೆ. ಸಂಜೆ ನೋಡಿದರೆ ಪೆಟ್ಟಿಗೆ ತನ್ನ ಜಾಗದಲ್ಲೇ ಇತ್ತು, ಮುಚ್ಚಳ ಮಾತ್ರ ಸೊಟ್ಟಗೆ ಕೂತಿತ್ತು. ಮಾವ ಏನೋ ಗೊಣಗಿಕೊಂಡು ಅದನ್ನು ಸರಿ ಮಾಡಿದರು.

ಷಟರು ಎತ್ತಿದಾಗ ಕಾರು ಥಳಥಳ ಎನ್ನುತ್ತಿತ್ತು. ಸೀಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ನೀಲಿ ಗೆರೆ ಮಾಯ. ನಾನು ಬೆರಳಿಡಲು ಹೋದೆ, ಡಾಕ್ಟರು ಕೈ ಅಡ್ಡ ಹಿಡಿದು, "ಬೆಳಗ್ಗೆವರೆಗೂ ಮುಟ್ಟೋ ಹಾಗಿಲ್ಲ, ರೆಸ್ಟು ಬೇಕು" ಎಂದ. ನಮ್ಮವರ ಕಣ್ಣಲ್ಲಿ ನೀರು. "ನೋಡಿದ್ಯೇನೇ, ಹೊಸದರ ಹಾಗಿದೆ" ಎಂದರು. ಆ ಮುಖ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಗುರುವಾರ ಮೂವರೂ ಹೋದೆವು, ಡಾಕ್ಟರು ನನ್ನನ್ನು ಹಿಂದೆ ಬಲಗಡೆಯೇ ಕೂರಿಸಿದ. ಡಾಕ್ಟರಿಗೆ ಹೊಗಳಿಕೆ ಸ್ವೀಕರಿಸುವುದಿತ್ತು, ನನಗೆ ಮನೆಯಲ್ಲಿ ಕೂತರೆ ತಡೆಯುವ ಹಾಗಿರಲಿಲ್ಲ. ಮೇಡಂ ಹಾಲುಬಣ್ಣದ ಪ್ಯಾಂಟು, ಕೋಟು ತೊಟ್ಟು ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಟಯರು ನೋಡಿದರು, ದೀಪ ನೋಡಿದರು, ಕಾಗದಪತ್ರ ನೋಡಿದರು. ಎಲ್ಲಕ್ಕೂ ತಲೆಯಾಡಿಸಿ, ಹಿಂದಿನ ಸೀಟಿನಲ್ಲಿ ಎಡಗಡೆಯೇ ಕೂತರು. ಅತಿಥಿಗಳು ಕೂರುವುದೂ ಅಲ್ಲೇ ತಾನೆ. ನಮ್ಮವರು ಕಾರು ತೆಗೆದುಕೊಂಡು ಹೋದರು. ನಾನು ಮತ್ತು ಡಾಕ್ಟರು ಹೋಟೆಲಿನ ಬಾಗಿಲಲ್ಲಿ ಕಾದು ನಿಂತೆವು. ಅವನು ಗಾಜಿನಲ್ಲಿ ತನ್ನ ಕ್ರಾಪು ನೋಡಿಕೊಳ್ಳುತ್ತಿದ್ದ.

ಕಾರು ವಾಪಸು ಬಂದು ಬಾಗಿಲಲ್ಲಿ ನಿಂತಿತು. ನಮ್ಮವರ ಬ್ರೇಕು ಯಾವತ್ತೂ ಬೆಣ್ಣೆಯ ಹಾಗೆ. ಅಷ್ಟಕ್ಕೇ ಮೇಡಂ ಸೀಟಿನ ಮೇಲಿಂದ ಸುಂಯ್ ಎಂದು ಜಾರಿ, ಮುಂದಿನ ಸೀಟು ಹಿಡಿದುಕೊಂಡದ್ದು ಕಿಟಕಿಯಲ್ಲಿ ಕಾಣಿಸಿತು. ಆದರೂ ಇಳಿಯುವಾಗ ನಗುತ್ತಲೇ ಇದ್ದರು. "ಚೆನ್ನಾಗಿ ಓಡಿಸ್ತೀರ, ನನಗೆ ಒಪ್ಪಿಗೆ. ಒಳಗೆ ಬನ್ನಿ, ಮಾತಾಡೋಣ" ಎಂದು ತಿರುಗಿ ಮೆಟ್ಟಿಲು ಹತ್ತಿದರು.

ಅವರ ಹಾಲುಬಣ್ಣದ ಪ್ಯಾಂಟಿನ ಹಿಂದೆ ಅಂಗೈ ಅಗಲದ ಕಂದು ಕಲೆ.

ಬಾಗಿಲು ಕಾಯುವವನು ಕಂಡು ಬೇರೆ ಕಡೆ ನೋಡಿದ. ನಮ್ಮವರು ಕಂಡು ಬಿಳಚಿಕೊಂಡರು. ಕೊನೆಗೆ ನಾನೇ ಓಡಿಹೋಗಿ ಅವರ ಕಿವಿಯಲ್ಲಿ ಹೇಳಬೇಕಾಯಿತು. ಮೇಡಂ ಕೈಯಲ್ಲಿ ಮುಟ್ಟಿ ನೋಡಿಕೊಂಡರು. ಬೆರಳು ಅಂಟಂಟು. ನೇರ ಕಾರಿಗೆ ನಡೆದು ಬಾಗಿಲು ತೆಗೆದರು. ಸೀಟಿನ ಎಡಗಡೆ ಬಣ್ಣ ಕಿತ್ತುಹೋಗಿ, ಒಳಗಿನ ಒರಟು ಚರ್ಮ ಹಲ್ಲು ಕಿರಿಯುತ್ತಿತ್ತು. ಡಾಕ್ಟರು ಥಿನ್ನರಿನಲ್ಲಿ ಗೆರೆಯ ಜೊತೆ ಬಣ್ಣವನ್ನೂ ತೆಗೆದು, ಅದರ ಮೇಲೆ ಮಾವನ ಡಬ್ಬಿಗಳಿಂದ ಬಿಳಿಗೆ ಕಂದು ಬೆರೆಸಿ ಬಳಿದು, ಮೇಲೆ ಹೊಳಪಿನ ಎಣ್ಣೆ ಹೊಡೆದಿದ್ದ.

"ಇದಕ್ಕೆ ಏನು ಹಚ್ಚಿದ್ದೀರ?" ಮೇಡಂ ಕೇಳಿದರು. "ಯಾರು ಮಾಡಿದ್ದು ಇದನ್ನ?"

ನಮ್ಮವರು ತಮ್ಮನ ಕಡೆ ನೋಡಿದರು. ತಮ್ಮ ಹೋಟೆಲಿನ ಮಾಳಿಗೆ ಎಷ್ಟು ಎತ್ತರವಿದೆ ಎಂದು ನೋಡುತ್ತಿದ್ದ.

"ನಾನೇ ಮೇಡಂ," ಎಂದರು ನಮ್ಮವರು. "ಅಲ್ಲೊಂದು ಪೆನ್ನಿನ ಗೆರೆ ಇತ್ತು. ಮುಚ್ಚೋಕೆ ಹೋಗಿ ಹೀಗಾಯ್ತು. ತಪ್ಪಾಯ್ತು."

"ಗೆರೆ ಇದ್ದಿದ್ರೆ ನಾನು ಏನೂ ಅಂತಿರಲಿಲ್ಲ," ಮೇಡಂ ಹೇಳಿದರು. "ನೀವು ಮುಚ್ಚಿದ್ರಿ ನೋಡಿ, ಅದು ನನಗೆ ಬೇಡ. ಇನ್ನೂ ಏನೇನು ಮುಚ್ಚಿದ್ದೀರೋ ನನಗೇನು ಗೊತ್ತು? ಈ ಕಾರಲ್ಲಿ ನನ್ನ ಅತಿಥಿಗಳನ್ನ ಕೂರಿಸೋಕೆ ಆಗಲ್ಲ."

ನಾನು ಬಾಯಿ ತೆರೆದೆ. ನಮ್ಮವರು ನನ್ನ ಮೊಣಕೈ ಅದುಮಿದರು. ಅಷ್ಟರಲ್ಲಿ ಡಾಕ್ಟರು ಮಾಳಿಗೆಯಿಂದ ಕಣ್ಣು ಇಳಿಸಿ ಒಂದು ಹೆಜ್ಜೆ ಮುಂದೆ ಬಂದ. ಈಗ ಒಪ್ಪಿಕೊಳ್ಳುತ್ತಾನೆ ಎಂದುಕೊಂಡೆ. ಎಷ್ಟಾದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೆ.

"ನಾನೂ ಅದನ್ನೇ ಹೇಳ್ತಿದ್ದೆ ಮೇಡಂ," ಎಂದ. "ಇಂಥದ್ದನ್ನ ತಿಳಿದೋರ ಹತ್ರ ಕೊಡ್ಬೇಕು, ಮನೇಲಿ ಕೈ ಹಾಕ್ಬಾರ್ದು ಅಂತ. ಕೇಳಲ್ಲ ಜನ." ಜೇಬಿನಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಸ್ಟೆತಾಸ್ಕೋಪಿನ ಚಿತ್ರ ಅದರಲ್ಲೂ ಇತ್ತು. ಮೇಡಂ ಅದನ್ನು ಓದಿ ಕೋಟಿನ ಜೇಬಿಗೆ ಹಾಕಿಕೊಂಡರು.

ಮನೆಗೆ ಹೊರಟೆವು. ಡಾಕ್ಟರು ಮುಂದಿನ ಸೀಟಿನಲ್ಲೇ ಕೂತಿದ್ದ, ಹಿಂದೆ ಕೂರಲಿಲ್ಲ. ತಾನು ಏನು ಮಾಡಿದ್ದೇನೆ ಎಂಬುದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ವಾರ ಕಳೆಯುವುದರೊಳಗೆ ಹೋಟೆಲಿನಿಂದ ಅವನಿಗೆ ಫೋನು ಬಂತು. ಅವರ ಎಲ್ಲ ವಾಹನಗಳ ಸೀಟು ಇನ್ನು ಮೇಲೆ ಇವನ ಕೈಯಲ್ಲಿ. ಸಂಜೆ ಮನೆಗೆ ಬಂದು, ಅಣ್ಣನ ಎದುರೇ ನಿಂತು, ಹಲ್ಲು ತೋರಿಸುತ್ತ ಹೇಳಿದ. ನಾನು ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅತ್ತಿಗೆ, ಅಣ್ಣನಿಗೆ ಇದಲ್ಲದಿದ್ರೆ ಇನ್ನೊಂದು ಬಾಡಿಗೆ ಸಿಗುತ್ತೆ. ನನ್ನ ಹೆಸರು ಕೆಟ್ಟಿದ್ರೆ ವಾಪಸ್ ಬರ್ತಿತ್ತಾ? ಅಣ್ಣನಿಗೆ ಅರ್ಥ ಆಗಿದೆ. ಅಲ್ವಾ ಅಣ್ಣ?"

ನಮ್ಮವರು ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿಕೊಂಡರು.

ಮೂಲೆಯಲ್ಲಿ ಕೂತಿದ್ದ ಮಾವ, "ಕೈ ತೋರಿಸು" ಎಂದರು. ಅವನು ಏನೆಂದು ತಿಳಿಯದೆ ಕೈ ಚಾಚಿದ. ಮಾವ ಆ ಕೈ ಹಿಡಿದು ಉಗುರಿನ ಸಂದಿ ನೋಡಿದರು, ಮೂಸಿದರು. ಕಂದು ಕ್ರೀಮು ಇನ್ನೂ ಹೋಗಿರಲಿಲ್ಲ.

"ಬೂಟಿಗೆ ಹಚ್ಚೋದು ಬೂಟಿಗೆ ಕಣೋ," ಎಂದರು. "ಬೂಟಿನ ಮೇಲೆ ಯಾರೂ ಕೂರಲ್ಲ. ಇಷ್ಟೂ ಗೊತ್ತಿಲ್ಲ, ನಿನ್ನನ್ನ ಡೀಲರ ಮಗ ಅಂತ ಹ್ಯಾಗೆ ಹೇಳ್ಕೊಳ್ತೀಯ?"

ಅವನು ಕೈ ಕಿತ್ತುಕೊಂಡು ಹೊರಟುಹೋದ. ಗೋಡೆಗೆ ಇಷ್ಟು ದಿನ ಕಿವಿ ಇತ್ತು ಎಂದು ಅವನಿಗೆ ಅಂದೇ ತಿಳಿದಿರಬೇಕು.

ನಮ್ಮವರು ಈಗ ಆ ಹೋಟೆಲಿನ ವ್ಯಾನು ಓಡಿಸುತ್ತಾರೆ. ಹೌದು, ಅದೇ ಹೋಟೆಲು. ಮೇಡಂಗೆ ಅವರ ಡ್ರೈವಿಂಗು ಹಿಡಿಸಿತ್ತು, ಕಾರು ಮಾತ್ರ ಬೇಡವಾಗಿತ್ತು. ಮತ್ತೆ ಬೇರೆಯವರ ಕೀಲಿ, ತಮ್ಮನ ಕೈಯಲ್ಲಿ ಹೊಳೆದ ಸೀಟು. ಬ್ರೇಕು ಹಾಕಿದರೆ ಜಾರುತ್ತಾರೆ, ಅದಕ್ಕೆ ಸೀಟಿನ ಮೇಲೆ ಒಂದು ಒರಟು ಟವೆಲ್ಲು ಹಾಸಿಕೊಂಡು ಓಡಿಸುತ್ತಾರೆ. ಸ್ವಂತ ಕಾರಿಗೆ ನಿಲ್ದಾಣದಲ್ಲಿ ಬಾಡಿಗೆ ಹುಟ್ಟದೆ, ಅದು ಮನೆ ಮುಂದೆ ಹೊದಿಕೆ ಹೊದ್ದು ನಿಂತಿದೆ. ರಜೆಯ ದಿನ ಹೊದಿಕೆ ತೆಗೆದು, ಒಳಗೆ ಕೂತು, ಸ್ಟೇರಿಂಗು ಹಿಡಿದು ಸುಮ್ಮನಿರುತ್ತಾರೆ. ತಮ್ಮನ ಬಗ್ಗೆ ಒಂದು ಮಾತು ಆಡಿಲ್ಲ. ಅವರು ಆಡದ ಮಾತುಗಳನ್ನೆಲ್ಲ ನಾನು ಮಿಷನ್ನಿನ ಪೆಡಲಿನ ಮೇಲೆ ತುಳಿಯುತ್ತೇನೆ.

ಹಾಳಾದ ಆ ಚರ್ಮದ ತುಂಡನ್ನು ನಾನು ಹೊಲಿಗೆ ಬಿಚ್ಚಿ ತೆಗೆದೆ, ಜಾಗಕ್ಕೆ ಬೇರೆ ತುಂಡು ಹೊಲಿದೆ. ಬಣ್ಣ ಒಂಚೂರು ಹೆಚ್ಚುಕಡಿಮೆ ಇದೆ, ಇರಲಿ, ಮುಚ್ಚಿಲ್ಲ. ತೆಗೆದ ತುಂಡನ್ನು ಬಿಸಾಡಲು ಮನಸ್ಸಾಗಲಿಲ್ಲ. ನನ್ನ ಅಂಗಡಿಯ ಬಾಗಿಲ ಹತ್ತಿರದ ಸ್ಟೂಲಿಗೆ ಮೆತ್ತೆ ಇಟ್ಟು, ಅದನ್ನೇ ಹೊದಿಸಿ ಮೊಳೆ ಹೊಡೆದೆ. ಮಾವ ನೋಡುತ್ತ ಕೂತಿದ್ದರು. ಈ ಸಲ ಸೊಟ್ಟ ಎನ್ನಲಿಲ್ಲ.

ಮಾರನೆಯ ದಿನ ನಾನು ಅಂಗಡಿ ತೆರೆದು ಕಸ ಗುಡಿಸುತ್ತಿದ್ದಾಗ ಮಾವ ಪೆಟ್ಟಿಗೆ ಎಳೆದುಕೊಂಡರು. ಕಂದು ಡಬ್ಬಿ ತೆಗೆದು, ನಡುಗುವ ಬೆರಳಿಗೆ ಬಟ್ಟೆ ಸುತ್ತಿ, ಆ ಸ್ಟೂಲಿಗೆ ಕ್ರೀಮು ಹಚ್ಚಿದರು. ಅಂಚಿನಿಂದ ಅಂಚಿಗೆ, ಎಲ್ಲೂ ಮುದ್ದೆಯಾಗದ ಹಾಗೆ, ಕಣ್ಣಿಗೆ ಕಾಣದಷ್ಟು ತೆಳುವಾಗಿ. ಉಜ್ಜಿ ಒಣಗಿಸಲಿಲ್ಲ. ಅಂದಿನಿಂದ ದಿನಾ ಹಚ್ಚುತ್ತಾರೆ. ಮುಗಿದ ಮೇಲೆ ಚಹಾ ಕೇಳುತ್ತಾರೆ, ತಣ್ಣಗಿದ್ದರೂ ಬಯ್ಯುವುದಿಲ್ಲ.

ಡಾಕ್ಟರು ಮೊದಲು ಕೆಲವು ದಿನ ಮುಖ ತಪ್ಪಿಸಿಕೊಂಡಿದ್ದ. ಆಮೇಲೆ ಕೊಚ್ಚಿಕೊಳ್ಳಲು ಬೇರೆ ಕಿವಿ ಸಿಗದೆ ಮತ್ತೆ ಬರತೊಡಗಿದ. ಮಧ್ಯಾಹ್ನ ಬಂದು, ಅದೇ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಹೋಟೆಲಿನವರು ತನ್ನನ್ನು ಎಷ್ಟು ಮೆಚ್ಚಿದ್ದಾರೆ ಎಂದು ಹೇಳುತ್ತಾನೆ. ನಾನು ಈಗ ಮಿಷನ್ನು ನಿಲ್ಲಿಸಿ ಕೇಳುತ್ತೇನೆ. "ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳೋ" ಎಂದು ಮಾವ ಒತ್ತಾಯ ಮಾಡುತ್ತಾರೆ. ಆಮೇಲೆ ಅವನು ಎದ್ದು, ಇಸ್ತ್ರಿ ಕೆಡದ ಬಿಳಿ ಪ್ಯಾಂಟಿನಲ್ಲಿ, ಬೀದಿಯ ಉದ್ದಕ್ಕೂ ಎದೆ ಎತ್ತಿ ನಡೆದು ಹೋಗುತ್ತಾನೆ. ಬೀದಿಯವರೆಲ್ಲ ಅವನ ಹಿಂದೆ ನಗುತ್ತಾರೆ. ಬಟ್ಟೆ ಒಗೆಯುವವನು ಸರಿಯಿಲ್ಲ ಎಂದು ಇಲ್ಲಿಯವರೆಗೆ ಮೂರು ಜನರನ್ನು ಬದಲಾಯಿಸಿದ್ದಾನೆ.